ಮದ್ದಳೆಯ ಪಕ್ಕದ ಶ್ರುತಿಪೆಟ್ಟಿಗೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಪುತ್ತೂರು, ಸುಳ್ಯ, ಕಡಬದ ಕಡೆ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯ ಕಾಲ. ಹೊರಗೆ ಆಟಿ ತಿಂಗಳ ಮಳೆ, ಒಳಗೆ ಅರ್ಥಗಾರಿಕೆ. ಆ ತೇವಕ್ಕೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಪಕ್ಕದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಮಳೆಯ ಹಂಗಿಲ್ಲ. ಕಪ್ಪು ಎರಡರ ಶ್ರುತಿಗೆ ಇಟ್ಟರೆ ಕೂಟ ಮುಗಿಯುವವರೆಗೂ ಕಪ್ಪು ಎರಡೇ.

ಶ್ರುತಿ ಹಿಡಿದುಕೊಡುವ ಈ ಕೆಲಸವನ್ನು ಹಿಂದೆ ಪುಂಗಿ, ಆಮೇಲೆ ಹಾರ್ಮೋನಿಯಂ ಮಾಡುತ್ತಿತ್ತು. ಈ ಪೆಟ್ಟಿಗೆಯನ್ನು ಸಂಗೀತಗಾರರ ಮನೆಮಾತಾಗಿಸಿದವರು ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್. ಎಂಜಿನಿಯರರೂ ಹೌದು, ಕೊಳಲು ವಾದಕರೂ ಹೌದು. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನೂ ತಂದರು.

ಆದರೂ ನನ್ನ ಮೋಹ ಮದ್ದಳೆಯ ಮೇಲೆಯೇ. ಬಲ ಮುಚ್ಚಿಗೆಯ ಅಂಚಿಗೆ ಸುತ್ತಿಗೆಯ ಸಣ್ಣ ಪೆಟ್ಟು, ಕಿವಿ ಪೆಟ್ಟಿಗೆಯತ್ತ, ಬೆರಳು ನಡುವಿನ ಕಪ್ಪು ಕರಣೆಯ ಮೇಲೆ, ಮತ್ತೊಂದು ಪೆಟ್ಟು. ಎರಡೂ ಕೂಡಿದ ಗಳಿಗೆಯಲ್ಲಿ ಪೆಟ್ಟಿಗೆಯ ಸದ್ದು ಬೇರೆಯಾಗಿ ಕೇಳಿಸುವುದೇ ಇಲ್ಲ. ಮೊಬೈಲಿನಲ್ಲೂ ಶ್ರುತಿ ಸಿಗುತ್ತದೆ, ನಿಜ. ಪದ್ಯದ ನಡುವೆ ಕರೆ ಬಂದರೆ ಭಾಗವತರ ಮುಖ ನೋಡಬೇಕು!

ಕೊಳ್ಳುವವರಿಗೆ ಒಂದು ಮಾತು: ದುಡ್ಡಿನ ದೊಡ್ಡ ಪಾಲು ಮದ್ದಳೆಗಿರಲಿ. ಶ್ರುತಿಪೆಟ್ಟಿಗೆ ಬ್ಯಾಟರಿಯಲ್ಲೂ ನಡೆಯುವಂಥದ್ದೇ ಆಗಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವ ಹಾಗಿಲ್ಲ.