ಮಳಖೇಡಕ್ಕೆ ಸಿರಿಭೂವಲಯ ಬೇಕಿಲ್ಲ

ಸೇಡಂ, ಚಿತ್ತಾಪುರ ಕಡೆಯ ಸಭೆಗಳಲ್ಲಿ ರಾಷ್ಟ್ರಕೂಟರ ಮಾತು ಬಂದಾಗ ಕವಿರಾಜಮಾರ್ಗದ ಬೆನ್ನಿಗೇ ಸಿರಿಭೂವಲಯದ ಹೆಸರೂ ಬರುತ್ತದೆ. ಕುಮುದೇಂದು ಮುನಿ ರಾಷ್ಟ್ರಕೂಟ ಅರಸ ಅಮೋಘವರ್ಷನ ಗುರು, ಅಕ್ಷರ ಬಿಟ್ಟು ಬರೀ ಅಂಕಿಗಳಲ್ಲಿ ಗ್ರಂಥ ಬರೆದ, ಅದರೊಳಗೆ 718 ಭಾಷೆಗಳಿವೆ, ಆಯುರ್ವೇದದಿಂದ ಅಣುವಿಜ್ಞಾನದವರೆಗೆ ಎಲ್ಲವೂ ಅಡಗಿದೆ ಎನ್ನುವ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆಗೆ ಆಧಾರ ಸಾಲದು. ಇದರಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೂ ನಷ್ಟ, ಆ ಗ್ರಂಥಕ್ಕೂ ನಷ್ಟ.

ಮೊದಲು ಆ ಗ್ರಂಥದ ರಚನೆ ನೋಡೋಣ. ಒಂದು ಚಕ್ರವೆಂದರೆ ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆಗಳು. ಮನೆಯೊಳಗೆ 1ರಿಂದ 64ರವರೆಗಿನ ಯಾವುದಾದರೊಂದು ಸಂಖ್ಯೆ. ಒಂದೊಂದು ಸಂಖ್ಯೆಯೂ ಒಂದೊಂದು ವರ್ಣದ ಗುರುತು: ಒಂಬತ್ತು ಸ್ವರಗಳ ಹ್ರಸ್ವ, ದೀರ್ಘ, ಪ್ಲುತಗಳು ಸೇರಿ 27, ವ್ಯಂಜನ 33, ಯೋಗವಾಹ 4. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಬಂಧ ತಿಳಿದರೆ ಸಾಂಗತ್ಯವೆಂಬ ಛಂದಸ್ಸಿನ ಕನ್ನಡ ಪದ್ಯ ಹೊರಡುತ್ತದೆ. ಆ ಪದ್ಯಗಳ ಮೊದಲಕ್ಷರಗಳನ್ನು ಕೆಳಮುಖವಾಗಿ ಓದಿದರೆ ಪ್ರಾಕೃತ, ನಡುವಿನ ಅಕ್ಷರಗಳಿಂದ ಸಂಸ್ಕೃತ ಸಿಗುತ್ತದೆ. ಇದು ಸಣ್ಣ ಕೌಶಲವಲ್ಲ. ಚಿತ್ರಕಾವ್ಯದ ಪರಂಪರೆಯಲ್ಲಿ ಇಷ್ಟು ಹಟದ ಕೆಲಸ ಅಪರೂಪ.

ಆದರೆ ಇದನ್ನು ‘ಅಂಕಭಾಷೆ’ ಎಂದು ಬೇರೆಯೇ ಒಂದು ಭಾಷೆಯಾಗಿ ಕೊಂಡಾಡುವುದು ಸರಿಯಲ್ಲ. ಭಾಷೆ ಎಂದಮೇಲೆ ಅದಕ್ಕೆ ತನ್ನದೇ ವಿಭಕ್ತಿ, ವಚನ, ಕ್ರಿಯಾರೂಪಗಳಿರಬೇಕು. ಇಲ್ಲಿರುವ ವ್ಯಾಕರಣವೆಲ್ಲ ಕನ್ನಡದ್ದು. ಸಂಖ್ಯೆಗಳು ಸಂಖ್ಯೆಗಳಂತೆಯೂ ನಡೆದುಕೊಳ್ಳುವುದಿಲ್ಲ. 28ರ ಪಕ್ಕ 1 ಬಂದರೆ 29 ಆಗುವುದಿಲ್ಲ, ವ್ಯಂಜನಕ್ಕೆ ಸ್ವರ ಹತ್ತಿ ‘ಕ’ ಆಗುತ್ತದೆ. ಹೊಸತಾಗಿರುವುದು ಲಿಪಿ, ಭಾಷೆಯಲ್ಲ.

718 ಎಂಬ ಲೆಕ್ಕ ಎಲ್ಲಿಂದ ಬಂತು? ತೀರ್ಥಂಕರರ ದಿವ್ಯಧ್ವನಿ 18 ಮಹಾಭಾಷೆ, 700 ಕಿರುಭಾಷೆಗಳಲ್ಲಿ ಕೇಳುವವರಿಗೆ ತಿಳಿಯುತ್ತದೆ ಎಂಬುದು ಜೈನರ ಹಳೆಯ ಶ್ರದ್ಧೆ. ಕವಿ ತನ್ನ ಕೃತಿಯನ್ನು ಆ ಧ್ವನಿಗೆ ಒಪ್ಪಿಸಿ ನುಡಿದದ್ದನ್ನು ನಾವು ಎಣಿಸಿ ನೋಡಿದ ಪಟ್ಟಿಯೆಂದು ತಿಳಿದಿದ್ದೇವೆ. ಬೇರೆ ಭಾಷೆ ಸಿಕ್ಕಿತೆಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಓದುವ ನಿಯಮವನ್ನು ಮೊದಲೇ ಹೇಳಿದಿರೋ, ಪದ ಕಂಡಮೇಲೆ ಹೊಂದಿಸಿದಿರೋ? 729 ಮನೆಗಳಲ್ಲಿ ಬೇಕಾದ ದಾರಿ ಹಿಡಿಯುವ ಸ್ವಾತಂತ್ರ್ಯವಿದ್ದರೆ ಯಾವ ಭಾಷೆಯ ನಾಲ್ಕು ಪದಗಳಾದರೂ ಸಿಕ್ಕಾವು.

ಇನ್ನು ಕಾಲ. ಅಮೋಘವರ್ಷನ ಆಸ್ಥಾನದಲ್ಲೇ ಹುಟ್ಟಿದ ಕವಿರಾಜಮಾರ್ಗ ಕನ್ನಡದ ಕಾವ್ಯಪ್ರಕಾರಗಳೆಂದು ಚತ್ತಾಣ, ಬೆದಂಡೆಗಳನ್ನು ಹೆಸರಿಸುತ್ತದೆ. ಸಾಂಗತ್ಯದ ಸುಳಿವೇ ಅಲ್ಲಿಲ್ಲ. ಸಾಂಗತ್ಯ ಬೆಳೆದು ಮೆರೆದದ್ದು ಕವಿ ರತ್ನಾಕರವರ್ಣಿಯ ಕಾಲದ ಆಸುಪಾಸಿನಲ್ಲಿ, 15-16ನೇ ಶತಮಾನಗಳಲ್ಲಿ. ವಿದ್ವಾಂಸ ಟಿ.ವಿ. ವೆಂಕಟಾಚಲ ಶಾಸ್ತ್ರಿಗಳು ಪಾಠವನ್ನು ಪರಿಶೀಲಿಸಿ ಸಿರಿಭೂವಲಯವನ್ನು 1550-1600ರ ಸುಮಾರಿಗೆ ಇಟ್ಟರು, ಅದಕ್ಕೂ ಈಚಿನದಿರಬಹುದೆಂದೂ ಹೇಳಿದರು. ಪ್ರತಿ ಮಾಡಿದವರು ಭಾಷೆಯನ್ನು ನಡುಗನ್ನಡಕ್ಕೆ ತಿರುಗಿಸಿರಬಹುದಲ್ಲ ಎಂದು ಕೆಲವರು ವಾದಿಸುವುದುಂಟು. ಈ ವಾದ ಬೇರೆ ಗ್ರಂಥಕ್ಕೆ ಸಲ್ಲುತ್ತದೆ, ಇದಕ್ಕೆ ಸಲ್ಲದು. ಇಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಮುಂದಿನ ಮನೆಗಳೆಲ್ಲ ಸರಿಯುತ್ತವೆ, ಪ್ರಾಕೃತ ಸಂಸ್ಕೃತಗಳ ಸಾಲು ಕೆಡುತ್ತದೆ. ಬಂಧ ಇಂದಿಗೂ ಕೂಡಿಬರುತ್ತಿದ್ದರೆ ಆ ನಡುಗನ್ನಡ ಕವಿಯದೇ.

ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಅವರ ಶ್ರಮದಿಂದ 1953ರಲ್ಲಿ ಈ ಗ್ರಂಥ ಅಚ್ಚಾಯಿತು. ಆ ಋಣ ದೊಡ್ಡದು. ಅವರು ಕೊಟ್ಟ ಕಾಲವನ್ನು ಒಪ್ಪದಿರುವುದರಿಂದ ಋಣ ಕಡಿಮೆಯಾಗುವುದಿಲ್ಲ.

ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಕಾಗಿಣಾ ದಂಡೆಯ ಮಳಖೇಡಕ್ಕೆ ಸಂಖ್ಯೆಯ ಕೀರ್ತಿಯನ್ನೂ ವ್ಯಾಕರಣದ ಕೀರ್ತಿಯನ್ನೂ ಸಾಲ ತರಬೇಕಾದ ದೈನ್ಯವಿಲ್ಲ. ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷನನ್ನು ಹೊಗಳಿಯೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಆರಂಭಿಸಿದ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬುದಕ್ಕೆ ಸೂತ್ರ ಕೊಟ್ಟ. 12345654321 ಎಂಬ ಸಂಖ್ಯೆಯನ್ನು ಒಂದರಿಂದ ಆರಕ್ಕೇರಿ ಮತ್ತೆ ಇಳಿಯುವುದೆಂದು ಬಣ್ಣಿಸಿದ. ಅದೇ ಅರಸನ ಆಶ್ರಯದಲ್ಲಿ ಶಾಕಟಾಯನ ಸಂಸ್ಕೃತ ವ್ಯಾಕರಣ ಬರೆದು ಅದರ ವೃತ್ತಿಗೆ ಅಮೋಘವೃತ್ತಿ ಎಂದು ಹೆಸರಿಟ್ಟ. ಮಾತಾಡುವವನ ಜೀವಿತಕಾಲದಲ್ಲೇ ನಡೆದ ಘಟನೆಯನ್ನು ಯಾವ ಭೂತಕಾಲದಲ್ಲಿ ಹೇಳಬೇಕೆಂಬುದಕ್ಕೆ ಅವನು ಕೊಟ್ಟ ಉದಾಹರಣೆ, ಅಮೋಘವರ್ಷ ಶತ್ರುಗಳನ್ನು ಸುಟ್ಟ ಸುದ್ದಿ. ಕಾಲನಿರ್ಣಯಕ್ಕೆ ಇಂಥ ಗಟ್ಟಿ ಸಾಕ್ಷಿಯಿರುವ ಪುಸ್ತಕಗಳನ್ನು ಬಿಟ್ಟು ನಾವು ಸಾಕ್ಷಿಯಿಲ್ಲದ ಹಿರಿಮೆಯ ಹಿಂದೆ ಬಿದ್ದಿದ್ದೇವೆ.

ಗಣಿತಸಾರಸಂಗ್ರಹಕ್ಕೆ ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲೇ ಬಂದಿದೆ. ಸೇಡಂ, ಚಿಂಚೋಳಿ, ಶಹಾಬಾದ, ವಾಡಿಯ ಗಣಿತದ ಮೇಷ್ಟ್ರುಗಳು ಅದರ ಲೆಕ್ಕಗಳನ್ನು ಮಕ್ಕಳಿಂದ ಮಾಡಿಸಲಿ. ಸಿರಿಭೂವಲಯವನ್ನು ಮೆಚ್ಚುವವರು ಅದರ ಚಕ್ರಗಳನ್ನು ಓದುವ ನಿಯಮದ ಸಮೇತ ಪ್ರಕಟಿಸಿ, ಯಾರು ಬೇಕಾದರೂ ಪರೀಕ್ಷಿಸಲು ಬಿಡಲಿ.