ಯಾರ ಜತೆ ಆಡುವುದು?

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರ ಜನವರಿಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದಾಗ ಕರಾವಳಿಯಲ್ಲೆಲ್ಲ ಒಂದೇ ಮಾತು: ಕಾಲೇಜಿಗೆ ಬಡ್ತಿ ಸಿಕ್ಕಿತು. 1880ರಲ್ಲಿ ಜೆಸ್ವಿಟರು ಕಟ್ಟಿದ, 2007ರಲ್ಲೇ ಸ್ವಾಯತ್ತವಾಗಿದ್ದ ಸಂಸ್ಥೆ ತನ್ನದೇ ಪದವಿ ಕೊಡುವಂತಾದದ್ದಕ್ಕೆ ಹೊಟ್ಟೆಕಿಚ್ಚು ಪಡಬೇಕಾದ್ದಿಲ್ಲ. ಆದರೆ ಮಂಗಳೂರು ವಿವಿಯ ಪಠ್ಯಕ್ರಮ, ಪರೀಕ್ಷೆಗಳ ಜತೆಗೆ ಅದು ಕಳಚಿಕೊಂಡದ್ದು ಇನ್ನೊಂದಿತ್ತು, ಅಂತರ ಕಾಲೇಜು ಪಂದ್ಯಗಳ ಬಳಗ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಟದ ವಿಷಯ ತಾನೇ, ಆಮೇಲೆ ನೋಡಿದರಾಯಿತು ಎಂಬುದು ನಮ್ಮಲ್ಲಿ ಓದಿದವರ ಧೋರಣೆ. ನನ್ನ ತಕರಾರು ಇರುವುದು ಈ ಧೋರಣೆಯ ಮೇಲೆ.

ನಮ್ಮಲ್ಲಿ ಕಾಲೇಜೊಂದು ಯಾರ ಜತೆ ಆಡಬೇಕೆಂಬುದು ಆಟದ ಅಂಗಳದಲ್ಲಿ ತೀರ್ಮಾನವಾಗುವುದಿಲ್ಲ, ಸಂಯೋಜನೆಯ ಕಾಗದದಲ್ಲಿ ಆಗುತ್ತದೆ. ಕುಂದಾಪುರದ ಭಂಡಾರ್ಕಾರ್ಸ್, ಬೈಂದೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಬ್ರಹ್ಮಾವರದ ಕ್ರಾಸ್‌ಲ್ಯಾಂಡ್ ಮತ್ತು ಎಸ್‌ಎಂಎಸ್, ನೆರೆಯ ಕಲ್ಯಾಣಪುರದಲ್ಲಿ 1967ರಿಂದ ಇರುವ ಮಿಲಾಗ್ರಿಸ್, ಇವೆಲ್ಲ 1980ರಲ್ಲಿ ಹುಟ್ಟಿದ ಮಂಗಳೂರು ವಿವಿಯ ಕೂಟದವು. ಇದೇ ಕುಂದಾಪುರದ ಮೂಡ್ಲಕಟ್ಟೆಯ ಇಂಜಿನಿಯರಿಂಗ್ ಕಾಲೇಜಿನದು ಬೆಳಗಾವಿಯ ವಿಟಿಯು. ಸಂಜೆ ಗಾಂಧಿ ಮೈದಾನದಲ್ಲಿ ಒಂದೇ ಟೆನಿಸ್ ಬಾಲಿಗೆ ಓಡುವ ಇಬ್ಬರು ಹುಡುಗರು ಕಾಲೇಜಿನ ಜರ್ಸಿ ತೊಟ್ಟ ಮೇಲೆ ಎದುರಾಗುವುದೇ ಇಲ್ಲ. 

ಡೀಮ್ಡ್ ಆದರೆ ಏನಾಗುತ್ತದೆ? ಆ ಸಂಸ್ಥೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿವಿ ಕೂಟಗಳಿಗೆ ನೇರವಾಗಿ ತನ್ನದೇ ತಂಡ ಕಳಿಸಬಹುದು. ಹಳೆಯ ವಿವಿಯ ತಂಡದಲ್ಲಿ ಅದರ ಮಕ್ಕಳಿಗೆ ಜಾಗ ಇರುವುದಿಲ್ಲ. ಮಣಿಪಾಲದ ಮಾಹೆ 1993ರಲ್ಲೇ ಈ ದಾರಿ ಹಿಡಿಯಿತು. ಭಂಡಾರ್ಕಾರ್ಸ್ ನಡೆಸುವವರೂ ಮಣಿಪಾಲದವರೇ, ಎರಡರ ಬೇರೂ ಟಿ.ಎಂ.ಎ. ಪೈಗಳವರಲ್ಲೇ ಇದೆ. ಆದರೂ ಅಣ್ಣನ ಲೀಗು ಬೇರೆ, ತಮ್ಮನದು ಬೇರೆ.

ಡೀಮ್ಡ್ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಮಂಗಳೂರು ವಿವಿಯ ಅಥ್ಲೆಟಿಕ್ಸ್ ಎಂದರೆ ವರ್ಷಗಳಿಂದ ಮೂಡುಬಿದಿರೆಯ ಆಳ್ವಾಸ್ ಎಂದೇ ಅರ್ಥ. ಕ್ರೀಡಾ ದತ್ತು ಯೋಜನೆಯಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಓಟಗಾರರ ಎದುರು ಬೈಂದೂರಿನ ಹುಡುಗಿ ಹೀಟ್ಸಿನಲ್ಲೇ ಹೊರಬೀಳುವುದು ಆಶ್ಚರ್ಯವಲ್ಲ. ಅಲೋಶಿಯಸ್‌ನ ಹುಡುಗರಿಗೆ ಈಗ ಸ್ವಂತ ಬಾಗಿಲು ತೆರೆದಿದೆ. ಸರಿ. ಆದರೆ ಈ ವಾದ ಲೆಕ್ಕ ಹಾಕುವುದು ಆಯ್ಕೆಯಾದ ಹನ್ನೆರಡು ಮಂದಿಯನ್ನು ಮಾತ್ರ. ಅಂತರ ಕಾಲೇಜು ಪಂದ್ಯ ಇರುವುದು ಆಯ್ಕೆಯಾಗದವರಿಗೂ. ಸೋಲಲೆಂದೇ ಬಸ್ಸು ಹತ್ತುವ ಕಬಡ್ಡಿ ತಂಡ ಒಂದು ಮಧ್ಯಾಹ್ನವಾದರೂ ಪೇಟೆಯ ದೊಡ್ಡ ಕಾಲೇಜಿನ ಎದುರು ಸಮಸಮನಾಗಿ ನಿಲ್ಲುತ್ತದೆ. ತರಗತಿ, ಇಂಗ್ಲಿಷ್, ಶುಲ್ಕ, ಕ್ಯಾಂಪಸ್ ಸೆಲೆಕ್ಷನ್ ಎಲ್ಲದರಲ್ಲೂ ಬೇರೆಬೇರೆಯಾಗಿಬಿಟ್ಟ ಎರಡು ಬಗೆಯ ಕಾಲೇಜುಗಳು ಮುಖ ನೋಡಿಕೊಳ್ಳುತ್ತಿದ್ದ ಜಾಗ ಅದೊಂದೇ.

ಜತೆಗೆ ದುಡ್ಡಿನ ಪ್ರಶ್ನೆ. ಮಂಗಳೂರು ವಿವಿಯ ಆರ್ಥಿಕ ಮುಗ್ಗಟ್ಟು ಈಗ ಗುಟ್ಟೇನಲ್ಲ. ಸಂಯೋಜಿತ ಕಾಲೇಜುಗಳ ಮಕ್ಕಳು ಕಟ್ಟುವ ಶುಲ್ಕ ಅದರ ಮುಖ್ಯ ಆಧಾರಗಳಲ್ಲೊಂದು. ತುಂಬಿದ ಕಾಲೇಜುಗಳು ಒಂದೊಂದಾಗಿ ಎದ್ದು ಹೋದರೆ ತರಬೇತಿ ಶಿಬಿರದ ಊಟಕ್ಕೂ ಪ್ರಯಾಣ ಭತ್ಯೆಗೂ ಕತ್ತರಿ ಬೀಳುವುದು ಉಳಿದವರಿಗೇ.

‘ಆಡ್ಕಂಡಿದ್ರೆ ಹೊಟ್ಟಿ ತುಂಬತ್ತಾ ಮಾರ್ರೆ?’ ಎನ್ನುವವರಿಗೆ ವಂಡ್ಸೆ ಬದಿಯ ಗುರುರಾಜ ಪೂಜಾರಿ ಸಾಕು. ಪಿಕಪ್ ಚಾಲಕರ ಮಗ. ಮನಸ್ಸಿದ್ದದ್ದು ಕುಸ್ತಿಯ ಮೇಲೆ, ಭಾರ ಎತ್ತಲು ಹಿಡಿದದ್ದು ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಹೋದ ಮೇಲೆ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋಗೆ ಕಂಚು. ಇದರಿಂದ ಎಸ್‌ಡಿಎಂನ ಓದಿನ ಹೆಸರಿಗೆ ಎಲ್ಲಿ ಕುಂದು ಬಂತು? ಓದು ಮತ್ತು ಆಟ ತಕ್ಕಡಿಯ ಎರಡು ತಟ್ಟೆ ಎಂಬ ನಂಬಿಕೆಗೆ ನಮ್ಮ ಜಿಲ್ಲೆಗಳಲ್ಲೇ ಪುರಾವೆ ಸಿಗುವುದಿಲ್ಲ. ಎನ್‌ಐಆರ್‌ಎಫ್ ರ್‍ಯಾಂಕಿಂಗಿನ ಐದು ಮುಖ್ಯ ಶೀರ್ಷಿಕೆಗಳಲ್ಲಿ ಕ್ರೀಡೆ ಇಲ್ಲ ನಿಜ. ಅದು ರ್‍ಯಾಂಕಿಂಗಿನ ಕೊರತೆ, ಕಾಲೇಜುಗಳಿಗೆ ಸಬೂಬಲ್ಲ.

ಅಮೆರಿಕವನ್ನು ಮುಂದೊಡ್ಡುವವರೂ ಅರ್ಧ ಕತೆಯನ್ನೇ ಹೇಳುತ್ತಾರೆ. ಅಲ್ಲಿ ಆಟದಿಂದಲೇ ಕಾಲೇಜಿಗೆ ಹೆಸರು ಎನ್ನುವುದಾದರೆ, 1939ರಲ್ಲಿ ಫುಟ್ಬಾಲ್ ನಿಲ್ಲಿಸಿ 1946ರಲ್ಲಿ ಬಿಗ್ ಟೆನ್ ಕ್ರೀಡಾ ಒಕ್ಕೂಟವನ್ನೇ ಬಿಟ್ಟ ಶಿಕಾಗೊ ವಿಶ್ವವಿದ್ಯಾಲಯದ ವಿದ್ವತ್ತಿಗೆ ಏನೂ ಆಗಲಿಲ್ಲವಲ್ಲ. ನಮಗೆ ಹತ್ತಿರದ ಉದಾಹರಣೆ ಕಥೋಲಿಕರದ್ದೇ. ಫುಟ್ಬಾಲ್ ದುಡ್ಡಿನ ಹಿಂದೆ ಹೊರಟವರ ಸಹವಾಸ ಸಾಕೆನಿಸಿ 2013ರಲ್ಲಿ ಜಾರ್ಜ್‌ಟೌನ್, ವಿಲನೋವಾ, ಮಾರ್ಕೆಟ್ ಮೊದಲಾದ ಏಳು ಕಥೋಲಿಕ ವಿಶ್ವವಿದ್ಯಾಲಯಗಳು ಬಿಗ್ ಈಸ್ಟ್ ಎಂಬ ಕ್ರೀಡಾ ಒಕ್ಕೂಟದಿಂದ ಬೇರೆಯಾದವು, ಅದರ ಹೆಸರನ್ನೂ ಜತೆಗೇ ಒಯ್ದವು. ವಿಲನೋವಾ 2016 ಮತ್ತು 2018ರಲ್ಲಿ ಬಾಸ್ಕೆಟ್‌ಬಾಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್. ನಾನು ಗಮನಿಸುವುದು ಗೆಲುವನ್ನಲ್ಲ. ಹೊರಟದ್ದು ಏಳೂ ಒಟ್ಟಿಗೆ, ಯಾರ ಜತೆ ಆಡಬೇಕೆಂದು ಕೂತು ಮಾತಾಡಿಕೊಂಡ ಮೇಲೆ. ಇಲ್ಲಿ ಆ ಮಾತುಕತೆಗೆ ವೇದಿಕೆಯೇ ಇಲ್ಲ.

2012ರಲ್ಲಿ ಉಡುಪಿ ಕಥೋಲಿಕ ಧರ್ಮಪ್ರಾಂತ್ಯ ಬೇರೆಯಾದ ಮೇಲೆ ಅದರ ಕೇಂದ್ರ ದೇವಾಲಯ ಕಲ್ಯಾಣಪುರದ ಮಿಲಾಗ್ರಿಸ್. ಅದೇ ಹೆಸರಿನ ಕಾಲೇಜಿನ ಮುಂದೆ ಡೀಮ್ಡ್ ಎಂಬ ಮೇಲಿನ ಮೆಟ್ಟಿಲ ಪ್ರಶ್ನೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಆಗ ಪ್ರಸ್ತಾವದ ಕಡತಕ್ಕೆ ಗ್ರಂಥಾಲಯ, ಪ್ರಯೋಗಾಲಯ, ಸಂಶೋಧನಾ ಲೇಖನಗಳ ಪಟ್ಟಿ ಸೇರುವುದು ಖಂಡಿತ. ಅದರ ಜತೆ ಇನ್ನೊಂದು ಪುಟ ಸೇರಿಸಲಿ: ಬೈಂದೂರು, ಶಂಕರನಾರಾಯಣ, ಕೋಟದ ಸರ್ಕಾರಿ ಕಾಲೇಜುಗಳ ಜತೆ ವರ್ಷಕ್ಕೊಮ್ಮೆ ವಾಲಿಬಾಲ್, ಕಬಡ್ಡಿ, ತ್ರೋಬಾಲ್, ಬಸ್ಸಿನ ಖರ್ಚು ಆತಿಥೇಯರದ್ದು. ಆಹ್ವಾನಿತ ಪಂದ್ಯಾಟಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅಲೋಶಿಯಸ್ ಕೂಡ ಇದನ್ನು ಈ ವರ್ಷವೇ ಮಾಡಬಹುದು.