ಕಿಡಿಯಿಂದ ಗುಂಡಿನ ತನಕ

ಚಕಮಕಿ ಕೋವಿಯ ಗುಣವನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಹದ ತಪ್ಪಿದ ಕೋವಿಯಲ್ಲಿ ಮೂರು ಸದ್ದು ಬೇರೆಬೇರೆಯಾಗಿ ಕೇಳಿಸುತ್ತವೆ: ಕಲ್ಲು ಕಚ್ಚಿದ ಕುದುರೆ ಬಿದ್ದ ಟಕ್, ಬಟ್ಟಲಿನ ಮದ್ದು ಅಂದರೆ ರಂಜಕ ಹೊತ್ತಿದ ಬುಸ್, ಆಮೇಲೆ ಢಂ. ಹದವಾಗಿರುವುದರಲ್ಲಿ ಮೂರೂ ಕೂಡಿ ಒಂದೇ ಸದ್ದು. ಅವುಗಳ ನಡುವಿನ ಸಂದನ್ನು ಮುಚ್ಚುವುದೇ ಕೆಲಸ. ಉಳಿದದ್ದು, ಹಿಡಿಗೆ ಹಿತ್ತಾಳೆ ಹೂವು ಕೂರಿಸುವುದೂ ಸೇರಿದಂತೆ, ಬರೀ ಸಿಂಗಾರ.

ಅನಂತಪುರ ಸೀಮೆಯ ಹಿಂದೂಪುರ, ಕಲ್ಯಾಣದುರ್ಗದ ಕಡೆ ಅಟ್ಟದಿಂದ ಇಳಿಯುವ ಅಜ್ಜನ ಕಾಲದ ಕೋವಿ ಹೆಚ್ಚಾಗಿ ಕಲ್ಲಿನಿಂದ ಕಿಡಿ ಹೊಡೆಯುವ ಚಕಮಕಿಯದಲ್ಲ, ಹೊಡೆತಕ್ಕೆ ಸಿಡಿಯುವ ಕೇಪಿನದು. ಇದಕ್ಕೆ ಕಾರಣವಿದೆ. ನಮ್ಮ ನಾಡಿನಲ್ಲಿ ಚಕಮಕಿ ಎಂದಿಗೂ ಊರ ಕೋವಿಯಾಗಲಿಲ್ಲ. ಅದು ದಂಡಿನ ಕೋವಿ. ಗುತ್ತಿಯ ಮುರಾರಿ ರಾವ್ ಘೋರ್ಪಡೆ ಮತ್ತು ಹೈದರಾಲಿ ಈ ಸೀಮೆಗಾಗಿ ಕಾದಾಡಿದ ಕಾಲದಲ್ಲೂ (ಗುತ್ತಿ ಹೈದರನ ಕೈಗೆ ಬಿದ್ದದ್ದು 1776ರಲ್ಲಿ) ಪಾಳೆಗಾರರ ಬೇಡರ ಕಾಲಾಳುಗಳ ಹೆಗಲ ಮೇಲಿದ್ದದ್ದು ಬಹುಪಾಲು ಉರಿಯುವ ಬತ್ತಿ ತಾಗಿಸಿ ಹಾರಿಸುವ ಬತ್ತಿ ಕೋವಿ. 1800ರಲ್ಲಿ ನಿಜಾಮ ಈ ಜಿಲ್ಲೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರಾಗಿ ಥಾಮಸ್ ಮನ್ರೋ ಬಂದ. 1807ರ ತನಕ ಇದ್ದು ಪಾಳೆಗಾರರ ದಂಡು ಕರಗಿಸಿದ. ಅಷ್ಟರಲ್ಲಿ ಚಕಮಕಿಯ ಆಯಸ್ಸೇ ಮುಗಿಯುತ್ತ ಬಂದಿತ್ತು. ಬತ್ತಿಯಿಂದ ನೇರ ಕೇಪಿಗೆ ನೆಗೆದ ಊರುಗಳೇ ಹೆಚ್ಚು.

ಚಕಮಕಿಗೆ ಮಂಗಳ ಹಾಡಿದವನು ಒಬ್ಬ ಪಾದ್ರಿ, ಅದೂ ಹಕ್ಕಿ ಬೇಟೆಯ ಹುಚ್ಚಿನಿಂದ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಅಲೆಕ್ಸಾಂಡರ್ ಫೋರ್ಸೈತ್ ಕೋವಿ ಹಾರಿಸಿದರೆ ರಂಜಕದ ಬೆಳಕು ಕಂಡು ನೀರುಹಕ್ಕಿಗಳು ಗುಂಡು ಬರುವ ಮುಂಚೆಯೇ ಜಾಗ ಖಾಲಿ ಮಾಡುತ್ತಿದ್ದವು. 1807ರಲ್ಲಿ ಆತ ಹೊಡೆತಕ್ಕೇ ಸಿಡಿಯುವ ಮದ್ದಿನ ಪೇಟೆಂಟ್ ಪಡೆದ. ಕೇಪು ಹುಟ್ಟಿದ್ದು ಆ ಬೇರಿನಿಂದ. ಆಮೇಲೆ ಕಮ್ಮಾರರಿಗೆ ಸುಲಭದ ಕೆಲಸ ಸಿಕ್ಕಿತು: ರಂಜಕದ ಬಟ್ಟಲು ಕಿತ್ತು, ಅದರ ತೂತಿಗೆ ಮೊಲೆಯಂಥ ಉಕ್ಕಿನ ತುಂಡು ಕೂರಿಸಿ, ಕಲ್ಲು ಕಚ್ಚುವ ಕುದುರೆಯ ಜಾಗಕ್ಕೆ ಬಡಿಯುವ ಕುದುರೆ ಹಾಕುವುದು. ಬೇಟೆಗಾರನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆಯಿಲ್ಲ. ಚಕಮಕಿಯ ಹುಚ್ಚಿರುವ ನನ್ನಂಥವರಿಗೆ ಮಾತ್ರ ಹೊಟ್ಟೆಯುರಿ.

ತಮಾಷೆಯೆಂದರೆ, ಅನಂತಪುರ ಸೀಮೆ ಚಕಮಕಿಗೆ ಹೇಳಿ ಮಾಡಿಸಿದ್ದು. ಆ ಕೋವಿಯ ಹಗೆ ಮಳೆ, ಮತ್ತು ದೇಶದಲ್ಲೇ ಮಳೆ ಕಡಿಮೆ ಬೀಳುವ ಜಿಲ್ಲೆಗಳಲ್ಲಿ ಇದೂ ಒಂದು. ಇಲ್ಲದ್ದು ಕಲ್ಲು. ಲೇಪಾಕ್ಷಿಯಿಂದ ಪೆನುಗೊಂಡೆಯ ತನಕ ಗ್ರಾನೈಟು ಬಂಡೆಯೇನೋ ಬೇಕಾದಷ್ಟಿದೆ, ನಡುನಡುವೆ ಬೆಣಚುಕಲ್ಲಿನ ಬಿಳಿ ಗೆರೆಗಳೂ ಇವೆ. ಬೆಣಚು ಕಿಡಿ ಕೊಡುತ್ತದೆ, ಹತ್ತಿಗೆ ಬೆಂಕಿ ತಾಗಿಸಲು ಸಾಕು. ಆದರೆ ಒಡೆದರೆ ಅಂಚು ನೇರ ಬರುವುದಿಲ್ಲ, ಪುಡಿಯಾಗುತ್ತದೆ. ಇಂಗ್ಲೆಂಡಿನ ಬ್ರಾಂಡನ್ ಊರಿನವರು ತಲೆಮಾರುಗಟ್ಟಲೆ ಕೋವಿಗೆ ಕಲ್ಲು ಒಡೆದೇ ಬದುಕಿದ್ದು ಅಲ್ಲಿನ ಕಪ್ಪು ಕಲ್ಲು ಕತ್ತಿಯ ಬಾಯಿಯಂತೆ ಸೀಳುವುದರಿಂದ. ಅಕೀಕ ಇನ್ನೂ ಗಟ್ಟಿ, ಬಹಳ ಬಾಳುತ್ತದೆ. ಆದರೆ ಅಂಚು ಮೊಂಡಾದರೆ ಬಡಿದು ಚೂಪು ಮಾಡುವುದು ಕಷ್ಟ, ಸಾಣೆಗೆ ಒಯ್ಯಬೇಕು.

ಕಲ್ಲಿಗಿಂತ ಮುಖ್ಯ ಉಕ್ಕು. ಕಿಡಿ ಕಲ್ಲಿನದಲ್ಲ, ಕಲ್ಲು ಹೆರೆದ ಉಕ್ಕಿನ ಚೂರು ಗಾಳಿಯಲ್ಲಿ ಉರಿಯುವುದು. ಬಟ್ಟಲಿನ ಮೇಲೆ ನಿಂತ ಉಕ್ಕಿನ ಮುಚ್ಚಳಕ್ಕೆ ನೀರು ಕುಡಿಸಿದ ಗಡಸುತನ ಸವೆದಿದ್ದರೆ ಬ್ರಾಂಡನ್ ಕಲ್ಲು ಹಾಕಿದರೂ ಕಿಡಿ ಸೊರಗುತ್ತದೆ. ಹಿಂದಿನವರು ಅಂಥ ಮುಚ್ಚಳದ ಮುಖಕ್ಕೆ ಒಳ್ಳೆಯ ಉಕ್ಕಿನ ತೆಳುಪಟ್ಟಿ ಹಚ್ಚಿ ಮತ್ತೆ ಗಡಸು ಮಾಡುತ್ತಿದ್ದರು. ಹೊಸಬರು ಇದನ್ನು ಬಿಟ್ಟು ಕುದುರೆಯ ಕಮಾನನ್ನೇ ಬಲಪಡಿಸಲು ಹೊರಡುತ್ತಾರೆ. ಕಲ್ಲು ಒಡೆಯುತ್ತದೆ, ಕಿಡಿ ಹೆಚ್ಚುವುದಿಲ್ಲ. ಬೇಕಾದದ್ದು ಕುದುರೆಯದು, ಮುಚ್ಚಳದ್ದು ಎರಡೂ ಕಮಾನುಗಳ ಹೊಂದಾಣಿಕೆ. ಕಲ್ಲು ಉಕ್ಕಿನ ಮುಖದ ಮೇಲ್ಭಾಗಕ್ಕೆ ತಾಗಿ, ಅಗಲಕ್ಕೂ ಒಂದೇ ಸಮ ಕೆರೆಯುತ್ತ ಇಳಿದಂತೆ ಮುಚ್ಚಳ ತಡವರಿಸದೆ ತೆರೆದುಕೊಳ್ಳಬೇಕು, ಕಲ್ಲಿನ ಮೂತಿ ಬಟ್ಟಲಿನ ಕಡೆ ನೋಡುತ್ತ ನಿಲ್ಲಬೇಕು. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಕಸುಬುದಾರರು ಮುಚ್ಚಳದ ಬಾಲ ಕಮಾನಿಗೆ ಉಜ್ಜುವ ಜಾಗದಲ್ಲಿ ಒಂದು ಪುಟ್ಟ ಉರುಳೆ ಇಟ್ಟರು. ಕಿಡಿ ಹೊಡೆಯುವ ಈ ಯಂತ್ರದಲ್ಲಿ, ಅಂದರೆ ಇಡೀ ಲಾಕಿನಲ್ಲಿ, ನನಗೆ ಅತಿ ಇಷ್ಟದ ಭಾಗ ಅದು. ಕಲ್ಲನ್ನು ಬರಿದಾಗಿ ಕಚ್ಚಿಸಬಾರದು, ಚರ್ಮದ ತುಂಡಿನಲ್ಲಿ ಸುತ್ತಿ ಕಚ್ಚಿಸಬೇಕು. ಇಷ್ಟನ್ನೆಲ್ಲ ಪರೀಕ್ಷಿಸಲು ಒಂದು ಕಾಳು ಮದ್ದೂ ಬೇಡ, ಕತ್ತಲೆ ಕೋಣೆ ಸಾಕು.

ಕೊನೆಯ ಸಂದು ನಳಿಗೆಯ ಪಕ್ಕದ ಸಣ್ಣ ತೂತು. ರಂಜಕವನ್ನು ತೂತು ಮುಚ್ಚುವಷ್ಟು ತುಂಬಿದರೆ ಬೆಂಕಿ ಬತ್ತಿಯಂತೆ ಕಾಳುಕಾಳಾಗಿ ಉರಿಯುತ್ತ ಒಳಗೆ ಹೋಗಬೇಕು. ತೂತಿಗಿಂತ ತುಸು ಕೆಳಗೆ ನಿಲ್ಲಿಸಿದರೆ ಜ್ವಾಲೆ ನೆಗೆದು ಹೋಗುತ್ತದೆ. ಜಿಪುಣತನ ಇಲ್ಲಿ ಲಾಭ. ಲಂಡನ್ನಿನ ಹೆನ್ರಿ ನಾಕ್ 1787ರಲ್ಲಿ ಪೇಟೆಂಟ್ ಮಾಡಿಸಿದ ನಳಿಗೆಯ ಬುಡ ಇದೇ ದಾರಿಯನ್ನು ಚುರುಕು ಮಾಡುವುದಕ್ಕೆ. ತುಕ್ಕು, ಉರಿ ಎರಡೂ ತಿಂದು ತೂತು ದೊಡ್ಡದಾಗದಂತೆ ಸಿರಿವಂತರ ಕೋವಿಗಳಲ್ಲಿ ಅದಕ್ಕೆ ಚಿನ್ನದ ಇಲ್ಲವೇ ಪ್ಲಾಟಿನಮ್ಮಿನ ಒಳಗವಸು ಇರುತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಚಕಮಕಿ ಕೋವಿಗಳು 1799ರ ಮೇ 4ರಂದು ಕೋಟೆ ಬಿದ್ದ ನಂತರ ಚದುರಿ, ವಿಂಡ್ಸರ್ ಅರಮನೆಯಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ತನಕ ಹೋಗಿವೆ. ಎಲ್ಲರೂ ಹುಲಿಪಟ್ಟೆ, ಹುಲಿಮುಖ ನೋಡುತ್ತಾರೆ. ಲಾಕು ನೋಡಬೇಕು: ನಮ್ಮ ಕಸುಬುದಾರರು ಯುರೋಪಿನ ಯಂತ್ರವನ್ನು ಕೈಗೆ ಒಗ್ಗಿಸಿಕೊಂಡ ಗುರುತು ಇರುವುದು ಅಲ್ಲಿ.

ಇನ್ನು ಬೇಟೆ. ಲೇಪಾಕ್ಷಿಯ ಚಾವಣಿಯ ಚಿತ್ರದಲ್ಲಿ ಶಿವನೂ ಅರ್ಜುನನೂ ಒಂದೇ ಹಂದಿಗೆ ಬಾಣ ಬಿಟ್ಟು ಜಗಳವಾಡಬಹುದು; ನಾವು ಆಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೃಷ್ಣಮೃಗವಿರಲಿ, ಕಡ್ಲೆಕಾಯಿ ಹೊಲ ಅಗೆಯುವ ಕಾಡುಹಂದಿಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಲ್ಲುವ ಹಾಗಿಲ್ಲ. ಬಾಯಿಂದ ಮದ್ದು ತುಂಬುವ ಕೋವಿಗೆ ಬೆಳೆ ರಕ್ಷಣೆಯ ಹೆಸರಲ್ಲಿ ಲೈಸೆನ್ಸ್ ಕೊಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಜಾಗವಿದೆ, ಆದರೆ ಆ ಲೈಸೆನ್ಸ್ ಬೇಟೆಯ ರಹದಾರಿಯಲ್ಲ. ಅದೇ ಕಾಯ್ದೆಯ 45ನೇ ಕಲಮು ಹಳೆಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಷರತ್ತು ಏನೆಂದರೆ ಅದು ರಿಪೇರಿ ಮಾಡಿದರೂ ಹಾರಬಾರದು. ಅಂದರೆ ಹದ ಮಾಡಬಹುದಾದ ಕೋವಿ ತುಕ್ಕು ಹಿಡಿದು ಮಲಗಿದ್ದರೂ ಕೋವಿಯೇ. ಲೈಸೆನ್ಸ್ ಮಾಡಿಸಿ, ಲೈಸೆನ್ಸ್ ಇರುವ ಅಂಗಡಿಯವರ ಕೈಗೇ ಕೊಡಿ. ಅಟ್ಟದಿಂದ ಇಳಿಸಿದೊಡನೆ ನಳಿಗೆಯೊಳಗೆ ಗಜ ಇಳಿಸಿ ಗುರುತು ಮಾಡಿ ಹೊರಗೆ ಅಳೆದು ನೋಡಿ. ಬುಡದ ತನಕ ಹೋಗಿಲ್ಲವಾದರೆ ಒಳಗೆ ಅಜ್ಜ ತುಂಬಿಟ್ಟ ಮದ್ದು ಹಾಗೇ ಇರಬಹುದು. ಹಳೆಯ ಕರಿಮದ್ದು ಸುಲಭಕ್ಕೆ ಸಾಯುವುದಿಲ್ಲ.

ಗುರಿಯ ಹುಚ್ಚು ಇರುವವರಿಗೆ ದಾರಿ ಇಲ್ಲದಿಲ್ಲ. ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಬಾಯಿಂದ ತುಂಬುವ ಕೋವಿಗಳಿಗೇ ಮೀಸಲಾದ ವಿಶ್ವ ಸ್ಪರ್ಧೆಗಳಲ್ಲಿ ಚಕಮಕಿಗೆ ಬೇರೆಯೇ ವಿಭಾಗಗಳಿವೆ: ನಳಿಗೆಯೊಳಗೆ ಸುರುಳಿ ಗೀರು ಇರುವುದಕ್ಕೆ ಮಲಗಿ 100 ಮೀಟರ್, ಗೀರಿಲ್ಲದ ದಂಡಿನ ಕೋವಿಗೆ ನಿಂತು 50 ಮೀಟರ್. ಅರ್ಧ ಗಂಟೆಯಲ್ಲಿ 13 ಗುಂಡು, ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯ 10. ನಿಯಮ ಕೇಪಿನವರಿಗೂ ಅದೇ, ಆದರೆ ಆ ಉಳಿದ ಮೂರರ ಬೆಲೆ ಗೊತ್ತಿರುವುದು ಕಲ್ಲಿನವರಿಗೆ.